ಅನುಮೋದಕನ ಟಗರು

ಬಸರಗಟ್ಟಿಯ ರಾಜಕೀಯ ಇತಿಹಾಸ ತಿಳಿಯಲು ಪುಸ್ತಕ ಓದಬೇಕಾಗಿಲ್ಲ. ಊರಿನ ದೊಡ್ಡ ಓಣಿಯಲ್ಲಿ ಒಮ್ಮೆ ನಡೆದರೆ ಸಾಕು. ಕಡಿದ ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಕಾಣುವಂತೆ ಈ ಓಣಿಯಲ್ಲಿ ಆಡಳಿತಕ್ಕೊಂದು ಕಟ್ಟೆ ಕಾಣುತ್ತದೆ.

ಈಗ ಮಹಾರಾಷ್ಟ್ರಕ್ಕೆ ಸೇರಿದ ಈ ಗಡಿ ಊರು ಜತ್ತ ಸಂಸ್ಥಾನದಲ್ಲಿದ್ದಾಗ ಇಲ್ಲಿ ಮೇವಿನ ಕಣಿಕೆ ಹೇರಿದ ಚಕ್ಕಡಿಗಳು ಎದುರುಬದುರಾಗಿ, ಎತ್ತಿನ ಕೊಂಬಿಗೆ ಕೊಂಬು ತಾಗದಂತೆ ದಾಟುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಪಾಟೀಲರ ಮನೆಕಟ್ಟೆ ಓಣಿಯೊಳಗೆ ಮುಂದೆ ಬಂತು. ಮಹಾರಾಷ್ಟ್ರ ರಾಜ್ಯವಾದಾಗ, ಆ ಸಂತೋಷಕ್ಕೆ, ಎದುರುಮನೆಯವರ ಕಟ್ಟೆ ಮುಂದೆ ಬಂತು. ಪಂಚಾಯತಿ ಚುನಾವಣೆಗಳು ಶುರುವಾದ ಮೇಲೆ ಗೆದ್ದವರು ಗೆದ್ದ ಖುಷಿಗೆ ತಗಡಿನ ಚಪ್ಪರ ಇಳಿಸಿದರು, ಸೋತವರು ಸೋತ ದುಃಖಕ್ಕೆ ಬಾಗಿಲ ಮುಂದೆ ಪಾವಟಿಗೆ ಮೆಟ್ಟಿಲು ಕಟ್ಟಿಕೊಂಡರು. ಪಕ್ಷಗಳು ಒಡೆದವು, ಕೂಡಿದವು, ಮತ್ತೆ ಒಡೆದವು. ಒಡೆಯದೆ ಉಳಿದದ್ದು ಕಟ್ಟೆಗಳು ಮಾತ್ರ.

ಈಗ ಆ ಓಣಿಯಲ್ಲಿ ಒಂದು ಎಮ್ಮೆ ಎದುರಿಗೆ ಬಂದರೆ ಮನುಷ್ಯ ಯಾರದಾದರೂ ಅಂಗಡಿ ಹೊಕ್ಕು, ಬೇಡವಾದ ಬೆಂಕಿಪೆಟ್ಟಿಗೆ ಕೊಂಡು ಹೊರಬರಬೇಕು. ಓಣಿಯ ಆಚೆ ತುದಿಗೆ ಕುರಿಗಾರರ ವಸ್ತಿ ಇದೆ. ನೀರಿನ ಟ್ಯಾಂಕರ್ ಓಣಿಯ ಬಾಯಲ್ಲಿ, ಹಣಮಪ್ಪನ ಗುಡಿ ಮುಂದೆ ನಿಂತುಬಿಡುತ್ತದೆ. ವಸ್ತಿಯ ಹೆಂಗಸರು ಅಲ್ಲಿಂದ ಕೊಡ ಹೊತ್ತುಕೊಂಡು ಕಟ್ಟೆಗಳ ನಡುವೆ ಓರೆಯಾಗಿ ನಡೆದು ಮನೆ ಸೇರಬೇಕು. ರಕ್ತನಾಳದ ಒಳಗೋಡೆಗೆ ಕೊಬ್ಬು ಕಟ್ಟಿದರೆ ಹೃದಯಕ್ಕೆ ಅಪಾಯವೆಂದು ವೈದ್ಯರು ಹೇಳುತ್ತಾರೆ. ಬಸರಗಟ್ಟಿಯಲ್ಲಿ ಕೊಬ್ಬು ಕಟ್ಟಿದ್ದು ಒಂದು ಕಡೆ, ಕುತ್ತಿಗೆ ನೋಯುತ್ತಿದ್ದುದು ಇನ್ನೊಂದು ಕಡೆ.

ಇದರ ಬಗ್ಗೆ ಪಂಚಾಯತಿ ಸುಮ್ಮನಿತ್ತೆಂದು ಯಾರೂ ತಿಳಿಯಬಾರದು. 'ದೊಡ್ಡ ಓಣಿಯ ಎಲ್ಲ ಅತಿಕ್ರಮಣ ತೆಗೆಯತಕ್ಕದ್ದು' ಎಂಬ ಠರಾವು ಗ್ರಾಮಸಭೆಯಲ್ಲಿ ವರ್ಷವೂ ತಪ್ಪದೆ ಪಾಸಾಗುತ್ತಿತ್ತು. ಸೂಚಿಸುವವರು ತಮ್ಮ ಕಟ್ಟೆಯಿಂದ ಎದ್ದು ಬಂದು ಸೂಚಿಸಿ, ಮತ್ತೆ ತಮ್ಮ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಸೂಚಕರು ಬದಲಾಗುತ್ತಿದ್ದರು, ಅನುಮೋದಕ ಮಾತ್ರ ಯಾವಾಗಲೂ ಶಿದ್ರಾಯ. ಆತ ಮುಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದ, ಹೆಸರು ಕರೆದಾಗ ಕೈಯೆತ್ತುತ್ತಿದ್ದ. ಇನ್ನೊಂದು ಖಾಯಂ ವಿಷಯವೂ ಇತ್ತು. ನಮ್ಮ ಭಾಗಕ್ಕೆ ಕಾಲುವೆ ನೀರು ಬರಲಿದೆ ಎಂದು ಮೇಲಿನವರು ಹೇಳಿದ್ದಕ್ಕೆ ಧನ್ಯವಾದ ಹೇಳುವ ಠರಾವು. ನೀರು ಬರುವ ಮೊದಲೇ ಇಷ್ಟು ಧನ್ಯವಾದ ಹೇಳಿದ ಊರು ಜತ್ತ ತಾಲೂಕಿನಲ್ಲಿ ಬೇರೊಂದಿರಲಿಕ್ಕಿಲ್ಲ.

ಕಳೆದ ಆಗಸ್ಟ್ ಹದಿನೈದರಂದು ಶಿದ್ರಾಯ ಊರಲ್ಲಿರಲಿಲ್ಲ. ಕಣ್ಣಿನ ಪೊರೆ ತೆಗೆಸಲು ಮಿರಜಕ್ಕೆ ಹೋಗಿದ್ದ. ಇಡೀ ಪ್ರಕರಣಕ್ಕೆ ಮೂಲ ಅದೇ.

ಕುರಿಗಾರ ಮಲಕಾಜಪ್ಪ ಆ ದಿನ ಸಭೆಗೆಂದು ಬಂದವನಲ್ಲ. ಅವನ ಟಗರು ಹಗ್ಗ ಹರಿದುಕೊಂಡು, ಗ್ರಾಮಸಭೆ ನಡೆದಿದ್ದ ಶಾಲೆಯ ಮೈದಾನಕ್ಕೆ ನುಗ್ಗಿತ್ತು, ಅದನ್ನು ಹಿಡಿಯಲು ಬಂದಿದ್ದ. ಅದು ಮಾಡಗ್ಯಾಳ ತಳಿಯ ಟಗರು. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಎತ್ತರದ ಕಾಲು, ಎದುರಿಗೆ ಯಾರೇ ಬಂದರೂ ಕೆಳಗೆ ನೋಡುವ ನೋಟ. ಹೆಸರು ಸರಕಾರ. ಮಲಕಾಜಪ್ಪನ ಆಸ್ತಿ, ಅಂತಸ್ತು, ಭವಿಷ್ಯ ಎಲ್ಲ ಅದೇ. ಅವನು ಸರಕಾರನ ಕೊರಳಿಗೆ ಹಗ್ಗ ಹಾಕಿ ಸಭೆಯ ಪಕ್ಕದಲ್ಲಿ ಹಾದುಹೋಗುವಾಗ, ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕ ವಿಜಯ ಮೈಕಿನಲ್ಲಿ, "ಅನುಮೋದಕರು ಯಾರು?" ಎಂದು ಕೇಳುತ್ತಿದ್ದ. ಎಲ್ಲರೂ ಶಿದ್ರಾಯನ ಖಾಲಿ ಕುರ್ಚಿ ನೋಡಿದರು.

ವೇದಿಕೆಯ ನಡುವೆ ಸರಪಂಚ ಕಾಂಚನ ಸೆರಗು ಹೊದ್ದು ಕೂತಿದ್ದಳು. ಜಾಗ ಹೆಂಗಸರಿಗೆ ಮೀಸಲು, ಆದ್ದರಿಂದ ಕುರ್ಚಿ ಅವಳದು. ಮಾತು ಪಕ್ಕದಲ್ಲಿ ಕೂತ ಗಂಡ ದಾದಾಸಾಹೇಬನದು. ಅವನು ಸುತ್ತ ನೋಡಿ, "ಮಲಕಾಜಪ್ಪ ಕಾಕಾ, ನೀವು ಆಗ್ರಿ" ಎಂದ.

"ನಾ ಏನ್ ಆಗಬೇಕ್ರಿ, ದಾದಾ?"

"ಅನುಮೋದಕ. ಒಂದು ಕೈ ಎತ್ತ್ರಿ, ಸಾಕು."

ಒಂದು ಕೈಯಲ್ಲಿ ಟಗರಿನ ಹಗ್ಗವಿತ್ತು. ಮಲಕಾಜಪ್ಪ ಇನ್ನೊಂದನ್ನು ಎತ್ತಿದ. ಅವನ ಪೂರ್ಣ ಹೆಸರು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಅವನನ್ನು ಶಿದ್ರಾಯನ ಕುರ್ಚಿಯಲ್ಲಿ ಕೂಡಿಸಿ, ಮೊದಲ ಕಪ್ ಚಹಾ ಕೊಟ್ಟರು. ಜನ್ಮದಲ್ಲಿ ಸಭೆಯ ಕುರ್ಚಿ ಕಾಣದ ಮನುಷ್ಯ. ಬೆನ್ನು ಆನಿಸುವುದು ಮರ್ಯಾದೆಯೋ ಅಲ್ಲವೋ ತಿಳಿಯದೆ, ಚಹಾ ಮುಗಿಯುವವರೆಗೆ ನೆಟ್ಟಗೆ ಕೂತಿದ್ದ.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ಬೀರವ್ವಾ, ನಾ ಅನುಮೋದಕ ಆಗೇನಿ."

ಬೀರವ್ವ ತಲೆಯ ಮೇಲಿನ ಕೊಡ ಇಳಿಸುತ್ತಿದ್ದಳು. "ಅದರಾಗ ನೀರು ಬರ್ತಾವೇನ್ರಿ?"

"ನೀರಲ್ಲ, ಮಾನ ಬರ್ತೈತಿ. ಶಿದ್ರಾಯನ ಕುರ್ಚಿ ನನಗ ಕೊಟ್ಟಾರ."

"ಕುರ್ಚಿ ಮನಿಗೆ ತಂದಿದ್ರ ಕೊಡಾ ಇಡಾಕ ಆಗ್ತಿತ್ತು" ಎಂದು ಬೀರವ್ವ ಇನ್ನೊಂದು ಕೊಡಕ್ಕೆ ಹೊರಟಳು.

ಮನೆಯಲ್ಲಿ ಸಿಗದ ಗೌರವ ಹೊರಗೆ ಸಿಗಬಹುದೆಂದು ಮಲಕಾಜಪ್ಪ ಮರುದಿನ ಜೋಳದ ಚೀಲ ಹೊತ್ತು ದುಂಡಪ್ಪನ ಗಿರಣಿಗೆ ಹೋದ. ಚೀಲ ಇಳಿಸುವ ಮೊದಲೇ ಸುದ್ದಿ ಇಳಿಸಿದ. ದುಂಡಪ್ಪ ಊರಿಗೆಲ್ಲ ಹಿಟ್ಟು ಬೀಸಿಕೊಡುವವ, ಬೀಸುವಾಗ ಜನರನ್ನೂ ಸ್ವಲ್ಪ ಬೀಸುವವ. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಗಂಭೀರವಾಗಿ ಕೇಳಿದ:

"ಯಪ್ಪಾ! ಕೈ ಎತ್ತೇ ಬಿಟ್ಟಿ? ಅನುಮೋದಕ ಅಂದ್ರ ಏನಂತ ಗೊತ್ತೈತೇನು?"

"ಏನು?"

"ಜಾಮೀನು! ಸೂಚಕ ಬಾಯಿಲೆ ಹೇಳಾಂವ. ಅನುಮೋದಕ ಅದಕ್ಕ ಜಾಮೀನು ನಿಲ್ಲಾಂವ. ಠರಾವಿನಂಗ ಕೆಲಸ ಆಗಲಿಲ್ಲಂದ್ರ ಯಾರನ್ನ ಹಿಡೀತಾರ? ಮುಂದಿನ ಗ್ರಾಮಸಭಾ ಗಾಂಧಿ ಜಯಂತಿಗೆ ಐತಿ. ಅಷ್ಟರಾಗ ಓಣಿ ಸಾಫ್ ಆಗಬೇಕು ನೋಡು."

ಜಾಮೀನು ಎಂದರೇನೆಂದು ಮಲಕಾಜಪ್ಪನಿಗೆ ಅನುಭವದಿಂದ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಬೀರವ್ವನ ತಮ್ಮ ಬೀರು ಸಂತೆಯಲ್ಲಿ ಹೊಡೆದಾಡಿ ಸಿಕ್ಕಿಬಿದ್ದಾಗ ಇವನೇ ಜಾಮೀನು ನಿಂತಿದ್ದ. ತಾರೀಖಿನ ದಿನ ಬೀರು ಕೋರ್ಟಿಗೆ ಹೋಗಲಿಲ್ಲ. ಪೊಲೀಸರು ಬೀರುವನ್ನು ಬಿಟ್ಟು ಇವನನ್ನು ಹುಡುಕಿಕೊಂಡು ಬಂದರು. ಠಾಣೆಯ ಬೆಂಚಿನ ಮೇಲೆ ಕೂತು, ತಾನು ಯಾರಿಗೂ ಹೊಡೆದಿಲ್ಲವೆಂದು ಹೇಳಿ ಹೇಳಿ ಅವನ ಗಂಟಲು ಬಿದ್ದಿತ್ತು.

"ಮತ್ತ ಠಾಣೇದಾಗ ಕೂಡಸ್ತಾರೇನು?"

"ಛೇ, ಈ ಸಲ ನಿನ್ನ ಕೂಡಸೂದಿಲ್ಲ" ಎಂದು ದುಂಡಪ್ಪ ಧೈರ್ಯ ಹೇಳಿದ. "ನಿನ್ನ ಒಯ್ದು ಏನ್ ಮಾಡ್ತಾರ? ಸರಕಾರದವರು ನಿನ್ನ ಸರಕಾರನ್ನ ಒಯ್ತಾರ."

ಮಲಕಾಜಪ್ಪ ಜೋಳದ ಚೀಲವನ್ನು ಗಿರಣಿಯಲ್ಲೇ ಬಿಟ್ಟು ಪಂಚಾಯತಿಗೆ ಓಡಿದ.

ಗ್ರಾಮಸೇವಕ ವಿಜಯನ ಹುದ್ದೆಗೆ ಸರಕಾರ ಈಚೆಗೆ ದೊಡ್ಡ ಹೆಸರು ಕೊಟ್ಟಿದೆ. ಊರು ಮಾತ್ರ ಇನ್ನೂ ಗ್ರಾಮಸೇವಕ ಎನ್ನುತ್ತದೆ, ಎದುರಿಗೆ ಭಾವುಸಾಹೇಬ ಎನ್ನುತ್ತದೆ. ಅವನು ಕೆಟ್ಟವನಲ್ಲ. ಆದರೆ ಎದುರಿಗಿರುವವನ ಪ್ರಶ್ನೆ ಮುಗಿಯುವುದರೊಳಗೆ ಆ ಪ್ರಶ್ನೆ ತನ್ನದಲ್ಲವೆಂದು ತೋರಿಸಿಕೊಡುವ ವಿದ್ಯೆಯನ್ನು ನೌಕರಿಯಲ್ಲಿ ಕಲಿತಿದ್ದ.

"ಭಾವುಸಾಹೇಬ್ರ, ಓಣಿದು ಜವಾಬ್ದಾರಿ ನಂದೇನ್ರಿ?"

"ಮತ್ತ ಯಾರದು, ಕಾಕಾ?" ವಿಜಯ ತಲೆ ಎತ್ತದೆ ಹೇಳಿದ. "ಗ್ರಾಮಸಭಾ ಅಂದ್ರ ಸರ್ವೋಚ್ಚ. ಠರಾವು ನಿಮ್ಮದು, ಅನುಮೋದನ ನಿಮ್ಮದು, ಜವಾಬ್ದಾರಿನೂ ನಿಮ್ಮದೇ. ನಾವೇನು, ಬರಿಯೂ ಕೈ."

"ಆಗಲಿಲ್ಲಂದ್ರ ನನ್ನ ಹಿಡೀತಾರೇನ್ರಿ?"

"ಮ್ಯಾಲಿನವರು ಕೇಳಿದ್ರ ನಿಮ್ಮ ಹೆಸರೇ ಹೇಳಬೇಕಾಗ್ತೈತಲ್ರಿ. ಬರೋಬರ?"

ಬರೋಬರವೇ ಇತ್ತು. ಆಡಳಿತದಲ್ಲಿ ಜವಾಬ್ದಾರಿಯೆಂಬುದು ನೀರಿನಂತೆ, ಯಾವಾಗಲೂ ತಗ್ಗಿನ ಕಡೆಗೆ ಹರಿಯುತ್ತದೆ. ಬಸರಗಟ್ಟಿಯಲ್ಲಿ ಮಲಕಾಜಪ್ಪನಿಗಿಂತ ತಗ್ಗಿನಲ್ಲಿ ನಿಂತವನು ಸಿಗುವುದು ಕಷ್ಟ. ತಮಾಷೆಗೆ ಹುಟ್ಟಿದ ಸುಳ್ಳೊಂದು ಕಚೇರಿ ಹೊಕ್ಕು, ಸರಕಾರಿ ಮಾತಾಗಿ ಹೊರಬಂತು.

ಮರುದಿನ ಬೆಳಿಗ್ಗೆ ಮಲಕಾಜಪ್ಪ ಹಾರೆ ಹೆಗಲಿಗಿಟ್ಟು, ಟಗರು ಹಿಡಿದುಕೊಂಡು ಓಣಿಗೆ ಬಂದ. ಮೊದಲು ತನ್ನ ಅತಿಕ್ರಮಣ ತೆಗೆದ. ಹಣಮಪ್ಪನ ಗುಡಿ ಮುಂದೆ ಸರಕಾರನನ್ನು ಕಟ್ಟಲು ಅವನೊಂದು ಕಲ್ಲು ನೆಟ್ಟಿದ್ದ. ಅದನ್ನು ಕಿತ್ತು, ಮಣ್ಣು ಸರಿಮಾಡಿ, ಕೈ ಮುಗಿದ. ಇಡೀ ಊರಿನಲ್ಲಿ ಠರಾವಿನ ಪ್ರಕಾರ ತೆಗೆದ ಮೊದಲ ಅತಿಕ್ರಮಣ ಅದು. ಅನಂತರ ಮೊದಲ ಕಟ್ಟೆಯ ಮುಂದೆ ಕೂತ.

"ನಿಮ್ಮ ಕಟ್ಟಿ ತಗೀರಿ, ಯಪ್ಪಾ. ಇಲ್ಲಂದ್ರ ನನ್ನ ಟಗರು ಹೋಗ್ತೈತಿ."

"ನಿನ್ನ ಟಗರಿಗೂ ನಮ್ಮ ಕಟ್ಟಿಗೂ ಏನೋ ಸಂಬಂಧ?"

"ಜಾಮೀನು ಐತ್ರಿ."

ಅವನು ಬಯ್ಯಲಿಲ್ಲ, ಹಾರೆ ಎತ್ತಲಿಲ್ಲ. ದಿನಕ್ಕೊಂದು ಕಟ್ಟೆಯ ಮುಂದೆ ಕೂತು ಕಣ್ಣೀರು ಹಾಕಿದ. ಅವನ ಪಕ್ಕದಲ್ಲಿ ಸರಕಾರ ಮೂಗು ಬಾಗಿಸಿಕೊಂಡು ಆ ಕಟ್ಟೆಯನ್ನು ಎಂಥ ತಿರಸ್ಕಾರದಿಂದ ನೋಡುತ್ತಿತ್ತೆಂದರೆ, ಕಟ್ಟೆಯವರಿಗೆ ಅಳುವವನಿಗಿಂತ ನೋಡುವವನ ಕಾಟ ಹೆಚ್ಚಾಯಿತು.

ಊರು ಸಿಟ್ಟಾಯಿತು. ಠರಾವು ಮಾಡಿದ್ದಕ್ಕೆ ಎಂದೂ ಬಾರದ ಸಿಟ್ಟು, ಅದನ್ನೊಬ್ಬ ಖರೇ ಮಾಡಲು ಹೊರಟಿದ್ದಾನೆ ಎಂದಾಗ ಬಂತು. ದಾದಾಸಾಹೇಬನಿಗಂತೂ ಅನುಮಾನವೇ ಉಳಿಯಲಿಲ್ಲ. "ಇದು ಎದುರು ಪಾರ್ಟಿದು ಕೆಲಸ. ಕುರಿ ಕಾಯೂ ಮನಿಶಾಗ ಇಷ್ಟು ತಲಿ ಎಲ್ಲಿಂದ ಬರಬೇಕು?" ಎಂದ. ಎದುರು ಪಾರ್ಟಿಯವರು, "ದಾದಾಸಾಹೇಬ ನಮ್ಮ ಪಾವಟಿಗಿ ಕೀಳಸಾಕ ಇವನ್ನ ಬಿಟ್ಟಾನ" ಎಂದರು. ಯಳವಿಯ ಸಂತೆಗೆ ಹೋದವರು, ಮಲಕಾಜಪ್ಪ ಜಿಲ್ಲಾ ಪರಿಷತ್ತಿಗೆ ನಿಲ್ಲುತ್ತಾನೆ, ಗುರುತು ಟಗರು ಎಂಬ ಸುದ್ದಿ ತಂದರು. ಒಬ್ಬ ಮನುಷ್ಯ ತಾನು ಕೈಯೆತ್ತಿದ ಮಾತನ್ನು ನಂಬಿದ್ದಾನೆ ಎಂಬ ಸರಳ ಊಹೆ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ವಿಜ್ಞಾನದಲ್ಲಿ ಸರಳ ಊಹೆಯನ್ನು ಮೊದಲು ಪರೀಕ್ಷಿಸುತ್ತಾರೆ, ರಾಜಕಾರಣದಲ್ಲಿ ಅದನ್ನು ಪರೀಕ್ಷೆಗೂ ಕೂಡಿಸುವುದಿಲ್ಲ.

ಸುದ್ದಿ ಕೇಳಿ ಭಾಮೈದ ಬೀರು ಕೂಡ ಮೋಟರ್‌ಸೈಕಲ್ ಹತ್ತಿ ಬಂದ.

"ಮಾವಾ, ಓಡ್ರಿ. ಟಗರು ಹಿಂದ ಕುಂದ್ರಸ್ರಿ. ಅಡಗೂ ಜಾಗಾ ಎಲ್ಲಾ ನನಗ ಗೊತ್ತದಾವ."

ಬೀರವ್ವ ಒಳಗಿಂದ ಕೊಡ ಎತ್ತಿಕೊಂಡೇ ಬಂದಳು. "ನೀ ಓಡಿದ್ದಕ್ಕ ಅವರು ಹೋಗಿ ಕುಂತರು, ಹಾಟ್ಯಾ! ಈಗ ಓಡೂದು ಕಲಸಾಕ ಬಂದಿ? ಓಡೂ ಹುರುಪಿದ್ರ ಈ ಕೊಡಾ ತಗೊಂಡು ಗುಡಿತನಕ ಓಡು!" ಬೀರು ಖಾಲಿ ಕೊಡ ಹಿಡಿದು ನಿಂತ. ಆಮೇಲೆ ಅವಳು ಗಂಡನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದಳು: "ನೀವು ಅಳೂದು ಬಿಡಬ್ಯಾಡ್ರಿ. ಟಗರು ಸಲುವಾಗಿ ಅಳ್ರಿ, ಏನರ ಸಲುವಾಗಿ ಅಳ್ರಿ. ಓಣಿ ತೆರದ್ರ ಸಾಕು, ನನ್ನ ನೆತ್ತಿ ಸವದೈತಿ."

ಗಾಂಧಿ ಜಯಂತಿ ಬಂತು. ಅಂದಿನ ಗ್ರಾಮಸಭೆಗೆ ಹಿಂದೆಂದೂ ಸೇರದಷ್ಟು ಜನ ಸೇರಿದರು. ದಾದಾಸಾಹೇಬನಿಗೆ ಠರಾವು ರದ್ದು ಮಾಡುವ ಆಸೆಯಿತ್ತು. ಆದರೆ ರದ್ದು ಮಾಡಿದರೆ ಯಾಕೆಂದು ತಾಲೂಕಿನವರು ಕೇಳುತ್ತಾರೆಂದು ವಿಜಯ ಹೆದರಿಸಿದ. ಕೇಳದಂತೆ ಇರಬೇಕಾದರೆ ಎಂದಿನಂತೆ ಮತ್ತೊಮ್ಮೆ ಪಾಸು ಮಾಡಿಬಿಡುವುದೇ ಸುಖ. ಹಾಗೆಯೇ ಓದಿದರು.

"ಅನುಮೋದಕರು?"

ಶಿದ್ರಾಯ ಮಿರಜದಿಂದ ಬಂದು, ಕರಿ ಕನ್ನಡಕ ಹಾಕಿಕೊಂಡು, ತನ್ನ ಕುರ್ಚಿಯಲ್ಲಿ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಶಿದ್ರಾಯಣ್ಣಾ, ಕೈ" ಎಂದ ದಾದಾಸಾಹೇಬ.

"ಇಲ್ಲಪಾ ದಾದಾ. ಇಷ್ಟು ದಿನಾ ಕಣ್ಣು ಕಾಣ್ತಿದ್ದಿಲ್ಲ, ಎತ್ತತಿದ್ದೆ. ಈಗ ಚಲೋ ಕಾಣಸ್ತೈತಿ."

ದಾದಾಸಾಹೇಬ ದುಂಡಪ್ಪನನ್ನು ನೋಡಿದ. ಜಾಮೀನಿನ ಮಾತು ಹುಟ್ಟಿಸಿದವನೇ ಅವನು. ಆದರೆ ತಾನೇ ಹೇಳಿದ ಸುಳ್ಳು ಗ್ರಾಮಸೇವಕನ ಬಾಯಿಂದ ತಿರುಗಿ ಬಂದದ್ದನ್ನು ಕೇಳಿದ ಮೇಲೆ ಅವನಿಗೂ ಒಳಗೆ ಅಳುಕು ಹೊಕ್ಕಿತ್ತು. "ನನಗ ಗಿರಣಿ ಐತ್ರಿ, ಒಯ್ದ್ರ ಏನ್ ಮಾಡ್ಲಿ?" ಎಂದ. ಸಭೆಯಲ್ಲಿ ಒಬ್ಬರೂ ಕೈಯೆತ್ತಲಿಲ್ಲ. ನೊಣ ಕೂತರೂ ಅಲುಗಾಡದೆ ಕೂತರು. ಎಲ್ಲಾದರೂ ಕೈ ಮೇಲೆ ಹೋದೀತೆಂಬ ಭಯ.

ಕೊನೆಗೆ ವಿಜಯನಿಗೆ ಉಪಾಯ ಹೊಳೆಯಿತು. "ಒಬ್ಬರ ಹೆಸರು ಬ್ಯಾಡ್ರಿ. ಸರ್ವಾನುಮತ ಅಂತ ಬರೀತೀನಿ. ಎಲ್ಲಾರೂ ಕೂಡೇ ಕೈ ಎತ್ತ್ರಿ, ಮುಗೀತು."

ಊರಿಗೆ ಜೀವ ಬಂತು. ಎಲ್ಲರೂ ಎತ್ತಿದ ಕೈ ಯಾರ ಕೈಯೂ ಅಲ್ಲ ಎಂಬ ನಂಬಿಕೆಯಲ್ಲಿ ಗಂಡಸರು, ಹೆಂಗಸರು ಕೈಯೆತ್ತಿದರು. ದುಂಡಪ್ಪ ಎತ್ತಿದ. ದಾದಾಸಾಹೇಬನ ತಾಯಿ, ಓಣಿಯ ಅತಿ ದೊಡ್ಡ ಕಟ್ಟೆಯ ಮೇಲೆ ಕಿರಾಣಿ ಅಂಗಡಿ ಇಟ್ಟ ಹೌಸಾಬಾಯಿ, ಬಳೆ ತುಂಬಿದ ಎರಡೂ ಕೈ ಎತ್ತಿದಳು.

ಮಲಕಾಜಪ್ಪ ಎದ್ದು ನಿಂತ. "ಭಾವುಸಾಹೇಬ್ರ, ಹಂಗಾರ ಇನ್ನ ನಾ ಒಬ್ಬನ ಅಲ್ಲಲ್ರಿ? ಎಲ್ಲಾರೂ ಜವಾಬ್ದಾರ?"

"ಹೌದು ಕಾಕಾ, ಎಲ್ಲಾರೂ" ಎಂದ ವಿಜಯ, ಪೀಡೆ ತೊಲಗಿದ ಸಂತೋಷದಲ್ಲಿ. "ಮನಿ ಮನಿಯವರೂ ಜವಾಬ್ದಾರ. ಬರೋಬರ?"

ಮಲಕಾಜಪ್ಪನ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ತಾನು ಪಟ್ಟ ಸಂಕಟ ಇನ್ನೊಬ್ಬರಿಗೆ ಬರಬಾರದೆಂಬ ಒಳ್ಳೆಯ ಮನಸ್ಸು ಅವನದು. ಸಭೆಯಿಂದ ನೇರ ಓಣಿಗೆ ಹೋಗಿ ಮನೆ ಮನೆಗೂ ಎಚ್ಚರಿಕೆ ಹೇಳಿದ: "ನಂದು ಬಿಡುಗಡಿ ಆತ್ರಿ. ಈಗ ನಿಮ್ಮವು ದನಾ ಕರಾ ಜ್ವಾಕಿ. ಹೌಸಾಬಾಯೀ, ನಿಮ್ಮವು ಎರಡೂ ಎಮ್ಮಿ ಭಾಳ ಚಲೋ ಅದಾವ, ಮೊದಲ ಅವನ್ನ ಒಯ್ತಾರ್ರಿ."

ಮರುದಿನ ಬೆಳಿಗ್ಗೆ ಹೌಸಾಬಾಯಿಯ ಅಂಗಡಿ ತೆರೆಯಲಿಲ್ಲ. ಆಕೆ ಡಬ್ಬಿ, ಚೀಲ, ತಕ್ಕಡಿ ಎಲ್ಲವನ್ನೂ ಒಳಗೆ ಸಾಗಿಸಿ, ಖಾಲಿ ಕಟ್ಟೆಯ ಮೇಲೆ ಹಾರೆ ಇಟ್ಟುಕೊಂಡು ಕೂತಿದ್ದಳು. ದಾದಾಸಾಹೇಬ ಹಲ್ಲುಜ್ಜುತ್ತ ಹೊರಬಂದವನು ಬ್ರಶ್ ಬಾಯಲ್ಲೇ ಇಟ್ಟುಕೊಂಡು ನಿಂತ.

"ಅವ್ವಾ, ಏನ್ ಇದು?"

"ಒಡಸು."

"ಹುಚ್ಚು ಹಿಡದೈತೇನು ನಿನಗ? ಅದೆಲ್ಲಾ ಬರೇ ಕಾಗದದ ಮ್ಯಾಲ, ಅವ್ವಾ!"

"ಕೈ ನಂದು ಎತ್ತೀನಿ, ಕಾಗದದ ಕೈ ಅಲ್ಲ. ನನ್ನ ಎಮ್ಮಿ ಹೋದ್ರ ನೀ ಹಾಲು ಕೊಡ್ತೀಯೇನು?"

ಓಣಿಯ ತುಂಬ ಜನ ಸೇರಿದರು. ಓಣಿ ತುಂಬಲು ಹೆಚ್ಚು ಜನ ಬೇಕಾಗಿರಲಿಲ್ಲ. ವಿಜಯನನ್ನು ಕರೆಸಿದರು. ದಾದಾಸಾಹೇಬ ಅವನಿಗೆ ಕಣ್ಣು ಹೊಡೆದು, "ಭಾವುಸಾಹೇಬ್ರ, ನಮ್ಮ ಅವ್ವಗ ತಿಳಿಸಿ ಹೇಳ್ರಿ. ಸರಪಂಚನಾಗಿ ನಾ ಹೇಳಾಕತ್ತೀನಿ, ಇದು ಒಡಿಯೂದು ಬ್ಯಾಡ" ಎಂದ.

ಹೌಸಾಬಾಯಿ ಹಾರೆಯನ್ನು ನೆಲಕ್ಕೆ ಕುಟ್ಟಿದಳು. "ಕಾಗದದ ಮ್ಯಾಲ ಇದ್ದದ್ದು ಸುಳ್ಳೇನು? ಆತು. ಕಾಗದದ ಮ್ಯಾಲೂ ನೀ ಸರಪಂಚ ಅಲ್ಲ, ಮಣ್ಣಿನ ಮ್ಯಾಲೂ ಅಲ್ಲ. ಸರಪಂಚ ಒಳಗ ರೊಟ್ಟಿ ಬಡಿಯಾಕತ್ತಾಳ. ಕಾಂಚನಾ, ಬಾ ಹೊರಗ!"

ಕಾಂಚನ ಹೊರಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಗಂಡನನ್ನು ನೋಡಲಿಲ್ಲ, ವಿಜಯನನ್ನು ನೋಡಿದಳು. ಸಭೆಗಳಲ್ಲಿ ಒಂದು ಮಾತನ್ನೂ ಆಡದವಳ ದನಿ ಹೇಗಿದೆಯೆಂದು ಊರಿಗೆ ಅವತ್ತೇ ತಿಳಿಯಿತು.

"ಭಾವುಸಾಹೇಬ್ರ, ನಿನ್ನಿನ ಠರಾವಿನ ಮ್ಯಾಲ ಸಹಿ ಯಾರದೈತ್ರಿ?"

"ನಿಮ್ಮದೇ ಐತ್ರಿ, ವೈನಿ" ಎಂದ ವಿಜಯ, ಅತ್ತಿಗೆಯನ್ನು ಕರೆಯುವ ಸಲಿಗೆಯಲ್ಲಿ.

"ವೈನಿ ಮನ್ಯಾಗ. ಇಲ್ಲಿ?"

"ಸರಪಂಚರದ್ರಿ."

"ಹಂಗಾರ ಜೆಸಿಬಿ ತರಸ್ರಿ. ಮೊದಲ ನಮ್ಮದು."

ಅಂದು ಸಂಜೆಯೊಳಗೆ ಆ ಕಟ್ಟೆ ಹೋಯಿತು. ಸರಪಂಚರದೇ ಹೋದ ಮೇಲೆ ಉಳಿದವರಿಗೆ ಸಿಟ್ಟಾಗಲು ಕಾರಣ ಉಳಿಯಲಿಲ್ಲ. ಅವರದು ಉಳಿದು ನಮ್ಮದು ಹೋದರೆ ಸಿಟ್ಟು, ಅವರದೂ ಹೋದರೆ ಸಮಾಧಾನ. ಗೆದ್ದವರ ತಗಡು, ಸೋತವರ ಪಾವಟಿಗೆ, ದುಂಡಪ್ಪನ ಗಿರಣಿಯ ಮೆಟ್ಟಿಲು ಒಂದರ ಹಿಂದೊಂದು ಹೋದವು. ಮಹಾರಾಷ್ಟ್ರ, ಮುಂಬಯಿ ಪ್ರಾಂತ ಎಲ್ಲವನ್ನೂ ಕಿತ್ತ ಮೇಲೆ ಅಡಿಯಲ್ಲಿ ಸಂಸ್ಥಾನದ ಕಾಲದ ಹಾಸುಗಲ್ಲುಗಳು ಕಂಡವು. ಅವುಗಳ ಮೇಲೆ ಚಕ್ಕಡಿ ಗಾಲಿಯ ಜೋಡಿ ಗೀರುಗಳಿದ್ದವು. ಹಿರಿಯರು ಹೇಳಿದ್ದು ಸುಳ್ಳಲ್ಲ.

ಟ್ಯಾಂಕರ್ ಈಗ ವಸ್ತಿಯವರೆಗೆ ಬರುತ್ತದೆ. ಬೀರವ್ವ ಮನೆಯ ಬಾಗಿಲಲ್ಲೇ ಕೊಡ ತುಂಬಿಸುತ್ತಾಳೆ. ಮೊದಲ ದಿನ ಅಭ್ಯಾಸಬಲದಿಂದ ತುಂಬಿದ ಕೊಡ ಹೊತ್ತು ಗುಡಿಯವರೆಗೆ ಹೋಗಿ ತಿರುಗಿ ಬಂದಳು ಎಂದು ದುಂಡಪ್ಪ ಹೇಳುತ್ತಾನೆ. ಅವನ ಮಾತನ್ನು ಯಾರೂ ಈಗ ಸುಮ್ಮನೆ ನಂಬುವುದಿಲ್ಲ.

ಜನವರಿ ಇಪ್ಪತ್ತಾರರ ಸಭೆಗೆ ಮಲಕಾಜಪ್ಪನಿಗೆ ಕಾಂಚನಳೇ ಹೇಳಿಕಳಿಸಿದಳು, ಕುರ್ಚಿ ಕೊಡಿಸಿದಳು. ಸರಕಾರನನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿ ಅವನು ಒಳಗೆ ಬಂದು ಬೆನ್ನು ಆನಿಸಿ ಕೂತ. ವಿಜಯ ಎಂದಿನಂತೆ ಕಾಲುವೆಯ ವಿಷಯ ಓದಿದ: ನಮ್ಮ ಭಾಗಕ್ಕೆ ನೀರು ಕೊಡುವುದಾಗಿ ಮುಂಬಯಿಯಲ್ಲಿ ನಿರ್ಣಯವಾಗಿರುವುದಕ್ಕೆ ಈ ಸಭೆ ಮತ್ತೊಮ್ಮೆ ಧನ್ಯವಾದ ಸಲ್ಲಿಸುತ್ತದೆ.

ಮಲಕಾಜಪ್ಪ ಎದ್ದ. "ಭಾವುಸಾಹೇಬ್ರ, ಮುಂಬಯಿದಾಗ ಇದಕ್ಕ ಕೈ ಎತ್ತಿದವರು ಯಾರ್ರಿ?"

"ಎಲ್ಲಾರೂ, ಕಾಕಾ. ಮ್ಯಾಲಿನವರು ಎಲ್ಲಾರೂ."

"ನಮ್ಮಪ್ಪನ ಕಾಲದಾಗೂ ಎತ್ತಿದ್ರು ಅಂತಾರಲ್ರಿ."

"ಹೌದ್ರಿ. ಆಗೂ ಎತ್ತಿದ್ರು."

ಮಲಕಾಜಪ್ಪನ ಮುಖದಲ್ಲಿ ಕೊಂಕಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವವನ ಮುಖ.

"ಹಂಗಾರ ಅವರವು ಟಗರು ಎಲ್ಲಿ ಅದಾವ್ರಿ?"

ದುಂಡಪ್ಪನೂ ನಗಲಿಲ್ಲ. ದಾದಾಸಾಹೇಬ ಕೆಮ್ಮಿ, ಮುಂದಿನ ವಿಷಯಕ್ಕೆ ಹೋಗೋಣವೆಂದ. ಕಾಂಚನ ಕೈ ಅಡ್ಡ ಹಿಡಿದಳು.

"ಕಾಕಾ ಕೇಳಿದ್ದನ್ನ ಬರಕೋರಿ, ಭಾವುಸಾಹೇಬ್ರ. ಮ್ಯಾಲಿನವರಿಗೆ ಕಳಸ್ರಿ."

"ಏನಂತ ಬರೀಲ್ರಿ?"

"ಅವರು ಕೇಳಿದಂಗ ಬರೀರಿ. ಟಗರು ಎಲ್ಲಿ ಅದಾವಂತ."

ವಿಜಯ ಬರೆದ. ಸೂಚಕ, ಮಲಕಾಜಪ್ಪ. ಅನುಮೋದಕರು ಯಾರೆಂದು ಕೇಳಲು ಅವನು ತಲೆ ಎತ್ತಿದಾಗ, ಹೆಂಗಸರ ಕಡೆಯಿಂದ ಬೀರವ್ವನ ಕೈ ಆಗಲೇ ಮೇಲಿತ್ತು.